ಕೆಂಚಮ್ಮನ ಹಾಸು, ನನ್ನ ಸೊನ್ನೆ-ಒಂದು

ಹೋದ ತಿಂಗಳು ಒಂದು ಶನಿವಾರ, ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಕಡೆಯ ಒಂದು ಹಟ್ಟಿಯಲ್ಲಿ, ನಡು ಬಿಸಿಲಲ್ಲಿ ನಾನು ಎರಡು ಗೂಟಗಳ ನಡುವೆ ನಡೆದೆ. ಹೋದೆ, ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಕೈಯಲ್ಲಿ ಕರಿ ಉಣ್ಣೆಯ ಒಂದು ಉಂಡೆ. ಹಟ್ಟಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡಿದರು. ಒಬ್ಬ ಅಜ್ಜಿಯಂತೂ, "ಯಾವ ದೇವ್ರಿಗಮ್ಮ ಹರಕೆ?" ಅಂತ ಕೇಳಿಯೇಬಿಟ್ಟಳು.

ಹರಕೆಯಲ್ಲ, ಶಿಕ್ಷೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಪಾಠ ಮಾಡಿದ ಮೇಡಂಗೆ, ಶಾಲೆಯ ಮೆಟ್ಟಿಲೇ ಹತ್ತದ ಕೆಂಚಮ್ಮ ಕೊಟ್ಟ ಶಿಕ್ಷೆ.

ತಪ್ಪೇನು ಮಾಡಿದೆ ಅಂತೀರಾ? ಮೊದಲಿಂದ ಹೇಳ್ತೀನಿ.

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಹೊಸ ಹುಚ್ಚು ಗೊತ್ತು. (ಗೊತ್ತಿಲ್ಲದವರು ಪುಣ್ಯವಂತರು.) ಬೇಸಿಗೆ ರಜೆಯಲ್ಲಿ ಲ್ಯಾಪ್‌ಟಾಪಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಅದರಲ್ಲಿ ಕೋಡ್ ಬರೆಯುವ ತಲೆನೋವಿಲ್ಲ. ಸ್ಕ್ರೀನ್ ಮೇಲೆ ಪುಟ್ಟ ಪುಟ್ಟ ಡಬ್ಬಗಳು. ಒಂದು ಡಬ್ಬ ಕೂಡುತ್ತೆ, ಒಂದು ಭಾಗಿಸುತ್ತೆ, ಒಂದು ಬಣ್ಣ ಬಳಿಯುತ್ತೆ. ಈ ಡಬ್ಬದಿಂದ ಆ ಡಬ್ಬಕ್ಕೆ ಮೌಸ್‌ನಲ್ಲಿ ಒಂದು ದಾರ ಎಳೆದರೆ ಆಯಿತು, ಇದರ ಉತ್ತರ ಅದರ ಹೊಟ್ಟೆಗೆ ಹೋಗುತ್ತೆ. ಡಬ್ಬಕ್ಕೆ ಅವರು ನೋಡ್ ಅನ್ನುತ್ತಾರೆ. ನಮ್ಮ ಯಜಮಾನರು ಮಾತ್ರ ಇಡೀ ವಿದ್ಯೆಗೆ 'ಡಬ್ಬಕ್ಕೆ ದಾರ ಕಟ್ಟೋ ಆಟ' ಅಂತ ಹೆಸರಿಟ್ಟಿದ್ದಾರೆ.

ಇಟ್ಟುಕೊಳ್ಳಲಿ ಬಿಡಿ. ಮೊದಲ ದಿನವೇ ನಾನು ಆ ಆಟಕ್ಕೆ ಬಿದ್ದುಹೋದೆ.

ಒಂದು ಡಬ್ಬ ಸೊನ್ನೆ, ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ ಸಂಖ್ಯೆ ಕೊಡುತ್ತೆ. (ಕಂಪ್ಯೂಟರಿಗೆ ಎಣಿಕೆ ಶುರುವಾಗೋದೇ ಸೊನ್ನೆಯಿಂದ. ನಗಬೇಡಿ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ 'ಲಾಭ' ಅನ್ನುವ ಜನ ನಾವು!) ಅದಕ್ಕೆ ಇನ್ನೊಂದು ಡಬ್ಬ ಕಟ್ಟಿದೆ. ಅದರ ಕೆಲಸ, ಬಂದ ಸಂಖ್ಯೆಯನ್ನು ಎರಡರಿಂದ ಭಾಗಿಸಿ ಶೇಷ ಮಾತ್ರ ಹೇಳುವುದು. ದಾರ ಎಳೆದೆ. ಏನು ಬಂತು? ಸೊನ್ನೆ, ಒಂದು, ಸೊನ್ನೆ, ಒಂದು, ಸೊನ್ನೆ, ಒಂದು!

ಸಮಸಂಖ್ಯೆಗೆ ಶೇಷ ಸೊನ್ನೆ, ಬೆಸಸಂಖ್ಯೆಗೆ ಶೇಷ ಒಂದು. ಈ ಮಾತನ್ನು ನಾನು ಎಷ್ಟು ಸಾವಿರ ಸಲ ಬೋರ್ಡಿನ ಮೇಲೆ ಬರೆದಿದ್ದೀನೋ. ಆದರೆ ಅದು ಬಣ್ಣದ ಡಬ್ಬದಿಂದ ಹೊರಬಂದು ಕಣ್ಣೆದುರು ಒಂದು ಕರಿ ಮನೆ, ಒಂದು ಬಿಳಿ ಮನೆ ಆಗಿ ಸ್ಕ್ರೀನಿನ ಆ ತುದಿಯವರೆಗೆ ಓಡಿದ್ದನ್ನು ನೋಡಿದ್ದು ಅವತ್ತೇ. ಮೈ ಜುಮ್ಮೆಂದಿತು. ಒಲೆಯ ಮೇಲೆ ಹಿಟ್ಟು ಕುದಿಯುತ್ತಿದ್ದದ್ದು ಮರೆತೇಹೋಯಿತು. ಆ ರಾತ್ರಿ ಮುದ್ದೆ ಗಂಟುಗಂಟು. ಯಜಮಾನರು ನುಂಗಲಾರದೆ ಉಗುಳಲಾರದೆ ನನ್ನ ಮುಖ ನೋಡಿದರು. ನಾನು ಸ್ಕ್ರೀನ್ ನೋಡುತ್ತಿದ್ದೆ.

ಹುಚ್ಚು ಹೀಗಿರುವಾಗ ಸಿಕ್ಕಿದವನು ಮಾಲಿಂಗ.

ಮಾಲಿಂಗ ನನ್ನ ಹಳೇ ವಿದ್ಯಾರ್ಥಿ. ಗಣಿತದಲ್ಲಿ ಅಷ್ಟಕ್ಕಷ್ಟೇ. ಈಗ ಸ್ವಂತ ಗೂಡ್ಸ್ ಆಟೋ ಇಟ್ಟಿದ್ದಾನೆ. ಮಧುಗಿರಿ, ಕೊಡಿಗೇನಹಳ್ಳಿ, ಹಿಂದೂಪುರ ಅಂತ ದಿನವಿಡೀ ಓಡಾಟ. ಅವನ ಅಪ್ಪ ಸಿದ್ದಪ್ಪ ಕಂಬಳಿ ನೇಯುವವರು. ಅವ್ವ ಕೆಂಚಮ್ಮ ಉಣ್ಣೆ ನೂತು ಹಾಸು ಹಾಕುವವರು. (ಉದ್ದಕ್ಕೆ ಬರುವ ಎಳೆ ಹಾಸು, ಅಡ್ಡಕ್ಕೆ ಬರುವ ಎಳೆ ಹೊಕ್ಕು. 'ಹಾಸುಹೊಕ್ಕು' ಅಂತ ದಿನಾ ಬರೀತೀವಿ, ಎಳೆ ಮಾತ್ರ ಯಾರೂ ಕಂಡಿಲ್ಲ.) ಕೊಡಿಗೇನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿ ಮಾಲಿಂಗ ಹೇಳಿದ:

"ಮಗ್ಗ ತೆಗೀತಾ ಇದೀವಿ ಮೇಡಂ. ನಡುಮನೇಲಿ ಮಗ್ಗದ ಗುಂಡಿ ಐತಲ್ಲ, ಅದನ್ನ ಮುಚ್ಚಿ ಟೈಲ್ಸ್ ಹಾಕುಸ್ಬೇಕು. ಗೌರಿ ಹಬ್ಬಕ್ಕೆ ಮುಂಚೆ. ಕರಿ ಕಂಬ್ಳಿ ಯಾರ್ ತಕತಾರೆ ಈಗ?"

"ಅವ್ವ ಏನಂತಾರೋ?"

"ಅವ್ವ ಮಾತಾಡ್ತಿಲ್ಲ ಮೇಡಂ. ನಾಕು ದಿನ ಆಯ್ತು."

ಕುಣಿಮಗ್ಗ ಅಂದರೆ ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ. ಮರ ಬಿಚ್ಚಿ ಅಟ್ಟಕ್ಕೆ ಹಾಕಿದರೆ ಮತ್ತೆ ಜೋಡಿಸಬಹುದು. ಗುಂಡಿ ಮುಚ್ಚಿ ಮೇಲೆ ಟೈಲ್ಸ್ ಬಿತ್ತು ಅಂದರೆ ಕಥೆ ಮುಗೀತು. ಆ ಮನೆಯಲ್ಲಿ ಇನ್ಯಾರೂ ನೇಯುವುದಿಲ್ಲ.

ನನಗೆ ತುಮಕೂರಿನಲ್ಲಿ ಒಬ್ಬ ಪರಿಚಯದವರಿದ್ದಾರೆ, ಕೈಮಗ್ಗದ ಬಟ್ಟೆ ಅಂಗಡಿ ಇಟ್ಟಿರುವ ಹೆಣ್ಣುಮಗಳು. ಫೋನ್ ಮಾಡಿದೆ. ಅವರು ಖಡಾಖಂಡಿತವಾಗಿ ಹೇಳಿದರು: "ಪ್ಲೇನ್ ಕರಿ ಕಂಬಳಿ ನನ್ನ ಹತ್ತಿರವೇ ರಾಶಿ ಬಿದ್ದಿದೆ ಮೇಡಂ. ಏನಾದರೂ ಸಣ್ಣ ಡಿಸೈನ್ ಇರಲಿ. ಒಂದು ಸ್ಯಾಂಪಲ್ ತೋರಿಸಿ. ಕಣ್ಣಿಗೆ ಹಿಡಿಸಿದರೆ ತಿಂಗಳು ತಿಂಗಳೂ ತಗೋತೀನಿ. ಇಲ್ಲದಿದ್ದರೆ ಇಲ್ಲ."

ಡಿಸೈನಾ? ನನ್ನ ಕೈಲಿ ಲ್ಯಾಪ್‌ಟಾಪ್ ಇರುವಾಗ ಡಿಸೈನಿಗೇನು ಬರ ತಾಯಿ! ಮಾಲಿಂಗನಿಗೆ ಹೇಳಿದೆ, ಒಂದೇ ಒಂದು ಕಂಬಳಿಯವರೆಗೆ ಕಾಯಿ. ಅವನು ತಲೆ ಕೆರೆದುಕೊಂಡು ಒಪ್ಪಿದ. "ಒಂದೇ ಮೇಡಂ. ಆಮೇಲೆ ಟೈಲ್ಸೇ."

ಆ ಭಾನುವಾರ ನಾನು ಮಾಡಿದ್ದನ್ನು ಹೇಳಿದರೆ ನಿಮಗೂ ಮೈ ಜುಮ್ಮೆನ್ನಬೇಕು. ಸೊನ್ನೆ ಬಂದರೆ ಕರಿ ಎಳೆ, ಒಂದು ಬಂದರೆ ಬಿಳಿ ಎಳೆ. ಹಾಸಿನ ಎಳೆಗಳಿಗೆ ಒಂದು ಸಾಲು ಡಬ್ಬ, ಹೊಕ್ಕಿನ ಎಳೆಗಳಿಗೆ ಒಂದು ಸಾಲು ಡಬ್ಬ. ನೇಯ್ಗೆಯಲ್ಲಿ ಒಂದು ಕಡೆ ಹಾಸು ಮೇಲೆ ಬಂದರೆ, ಪಕ್ಕದಲ್ಲಿ ಹೊಕ್ಕು ಮೇಲೆ ಬರುತ್ತಲ್ಲ, ಅದಕ್ಕೂ ಒಂದು ಡಬ್ಬ. ದಾರ ಎಳೆದೆ. ಸ್ಕ್ರೀನ್ ತುಂಬ ಅಡ್ಡಡ್ಡ ಗೆರೆ ಮೂಡಿತು. ಒಂದು ಕರಿ, ಒಂದು ಬಿಳಿ, ಸಣ್ಣಗೆ, ನೀಟಾಗಿ.

ಆಮೇಲೆ, ಕೈ ಸುಮ್ಮನಿರದೆ, ಹೊಕ್ಕಿನ ಬಣ್ಣದ ಎಣಿಕೆಯನ್ನು ಸೊನ್ನೆಯ ಬದಲು ಒಂದರಿಂದ ಶುರು ಮಾಡಿದೆ. ಅಷ್ಟೇ. ಒಂದೇ ಒಂದು ಅಂಕಿ. ಮಲಗಿದ್ದ ಗೆರೆಗಳೆಲ್ಲ ಎದ್ದು ನಿಂತವು!

"ರೀ, ಬನ್ನಿ ಇಲ್ಲಿ!" ಅಂತ ಕೂಗಿದೆ. ಯಜಮಾನರು ಹಾವು ಬಂತೇನೋ ಅಂತ ಕೋಲು ಹಿಡಿದು ಓಡಿಬಂದರು. ಬಂದವರು ಸ್ಕ್ರೀನ್ ನೋಡಿದರು. "ಮತ್ತೆ ಮಲಗಿಸು ನೋಡೋಣ" ಅಂದರು. ಮಲಗಿಸಿದೆ. "ಏಳಿಸು" ಅಂದರು. ಏಳಿಸಿದೆ. ಹತ್ತು ನಿಮಿಷ ಇಬ್ಬರೂ ಚಿಕ್ಕಮಕ್ಕಳ ಹಾಗೆ ಅದೇ ಮಾಡಿದೆವು. ಕೋಲು ಅಲ್ಲೇ ಮೂಲೆಯಲ್ಲಿ ಉಳಿಯಿತು.

ನಿಂತ ಗೆರೆಯ ಡಿಸೈನನ್ನು ಪ್ರಿಂಟ್ ತೆಗೆದು, ಮಾರನೆಯ ದಿನ ಸಂಜೆ ಹಟ್ಟಿಗೆ ಹೋದೆ. ಕೆಂಚಮ್ಮ ಆ ಹಾಳೆಯನ್ನು ಕೈಲಿ ಹಿಡಿದು, ದೂರ ಇಟ್ಟು, ಹತ್ತಿರ ಇಟ್ಟು ನೋಡಿದರು. ಅವರು ಪಾವಗಡದ ಬಲಸಮುದ್ರದ ಕಡೆಯ ಹೆಣ್ಣುಮಗಳು. ಮಾತಲ್ಲಿ ಅಲ್ಲೊಂದು ಇಲ್ಲೊಂದು ತೆಲುಗು ಇಣುಕುತ್ತೆ.

"ಏಮಮ್ಮಾ ಇದು? ಇರುವೆ ಸಾಲು ಇದ್ದಂಗೈತೆ."

"ಸುಲಭ ಕೆಂಚಮ್ಮ. ಹಾಸಿನಲ್ಲಿ ಒಂದು ಕರಿ, ಒಂದು ಬಿಳಿ. ಒಂದು ಕರಿ, ಒಂದು ಬಿಳಿ. ಕೊನೇತನಕ ಹಾಗೇ. ಹೊಕ್ಕಿಗೂ ಹಾಗೇ."

"ಅಷ್ಟೇಯಾ? ಬುಡು, ಆಯ್ತದೆ."

ಕರಿ ಉಣ್ಣೆ ಮನೆಯಲ್ಲೇ ಇತ್ತು. ಬಿಳಿ ಉಣ್ಣೆ ನಮ್ಮ ಕಡೆ ಕಮ್ಮಿ. ಕೆಂಚಮ್ಮನ ತಮ್ಮ ಬಲಸಮುದ್ರದ ಸೋಲಾರ್ ಪ್ಯಾನೆಲ್‌ಗಳ ಅಕ್ಕಪಕ್ಕದ ಬಯಲಲ್ಲಿ ಕುರಿ ಮೇಯಿಸುತ್ತಾನಂತೆ. ಅವನ ಮಂದೆಯ ಬಿಳಿ ಕುರಿಗಳಿಂದ ಕತ್ತರಿಸಿದ್ದು ಒಂದು ಚೀಲ ಬಂತು. ಒಂದು ಕಂಬಳಿಗೆ ಆಗುವಷ್ಟೇ. ಮುಂದಿನ ಕತ್ತರಿಕೆಗೆ ಇನ್ನೂ ತಿಂಗಳುಗಟ್ಟಲೆ ಇದೆ. ಅಂದರೆ ಇದು ಕೆಟ್ಟರೆ ಎರಡನೇ ಚಾನ್ಸ್ ಇಲ್ಲ.

ಈಗ ಶನಿವಾರಕ್ಕೆ ಬರೋಣ. ಶಾಲೆ ಬಿಟ್ಟವಳೇ, ಸೋಮವಾರಕ್ಕೆ ತಿದ್ದಬೇಕಾದ ಕಿರುಪರೀಕ್ಷೆಯ ಹಾಳೆಗಳನ್ನೂ ಲ್ಯಾಪ್‌ಟಾಪನ್ನೂ ಒಂದೇ ಬ್ಯಾಗಿಗೆ ತುರುಕಿಕೊಂಡು ಹಟ್ಟಿಗೆ ಹೋದೆ. ಹಾಸು ತಯಾರಾಗಿತ್ತು. ಮನೆ ಮುಂದಿನ ಬಯಲಲ್ಲಿ ಉದ್ದಕ್ಕೆ ಬಿಗಿದು, ಹುಣಸೆಬೀಜದ ಗಂಜಿ ಬಳಿದು ಒಣಗಲು ಬಿಟ್ಟಿದ್ದರು. ಬಿಸಿಲಿಗೆ ಎಳೆಗಳು ತಂತಿಯ ಹಾಗೆ ಸೆಟೆದುಕೊಂಡಿದ್ದವು. ಕೆಂಚಮ್ಮ ಹೆಮ್ಮೆಯಿಂದ ಪಕ್ಕದಲ್ಲಿ ನಿಂತಿದ್ದರು. ನಾನು ಬಗ್ಗಿ ನೋಡಿದೆ.

ಕರಿ, ಕರಿ, ಬಿಳಿ, ಬಿಳಿ. ಕರಿ, ಕರಿ, ಬಿಳಿ, ಬಿಳಿ.

ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಎಲ್ಲ ಕಡೆ ಎರಡೆರಡು.

"ತಪ್ಪು!" ಅಂತ ಕಿರುಚಿದೆ. ಕ್ಲಾಸಿನಲ್ಲಿ ಕಿರುಚುವ ಅದೇ ದನಿ. "ಪೂರ್ತಿ ತಪ್ಪು ಕೆಂಚಮ್ಮ! ಒಂದೊಂದು ಅಂತ ಹೇಳಿದ್ದೆನಲ್ಲ, ನೀವು ಎರಡೆರಡು ಹಾಕಿದ್ದೀರಿ! ಒಂದು ಎರಡು ಎಣಿಸೋಕೆ ಬರಲ್ವಾ?"

ಕೊನೆಯ ಮಾತು ಆಡಬಾರದಿತ್ತು. ಆಡಿಬಿಟ್ಟೆ.

ಕೆಂಚಮ್ಮ ಕೋಪ ಮಾಡಿಕೊಳ್ಳಲಿಲ್ಲ. ಅತ್ತ ಖಾಲಿ ಇದ್ದ ಎರಡು ಗೂಟ ತೋರಿಸಿದರು. ಕರಿ ಉಣ್ಣೆಯ ಒಂದು ಉಂಡೆ ತಂದು ನನ್ನ ಕೈಗಿಟ್ಟರು. ಅದರ ತುದಿಯನ್ನು ಮೊದಲ ಗೂಟಕ್ಕೆ ಕಟ್ಟಿದರು.

"ನಡಿ."

"ಎಲ್ಲಿಗೆ?"

"ಆ ಗೂಟುಕ್ಕೆ ಹೋಗಿ ಸುತ್ತಾಕ್ಕೊಂಡು ಬಾ. ಒಂದ್ ಕರಿ ಹಾಕು ನೋಡೋಣ."

ನಡೆದೆ. ಆ ಗೂಟ ಸುತ್ತಿದೆ. ತಿರುಗಿ ಬಂದೆ. ಈ ಗೂಟದ ಹತ್ತಿರ ನಿಂತೆ.

"ಎಷ್ಟ್ ಎಳೆ ಬಿತ್ತು?"

ನೋಡಿದೆ. ಹೋಗುವಾಗ ಒಂದು ಎಳೆ. ಬರುವಾಗ ಒಂದು ಎಳೆ. ಎರಡು.

ಮತ್ತೆ ನಡೆದೆ. ಒಂದೇ ಎಳೆ ಬೀಳಿಸುವ ದಾರಿ ಏನಾದರೂ ಇದೆಯಾ ಅಂತ. ಆಗಲೇ ಹಟ್ಟಿಯ ಹೆಂಗಸರು ಬಾಗಿಲಿಗೆ ಬಂದದ್ದು, ಅಜ್ಜಿ ಹರಕೆಯ ವಿಚಾರ ಕೇಳಿದ್ದು. ಹೋದೆ, ಬಂದೆ. ಪ್ರತಿ ಸಲವೂ ಎರಡು.

ಕೆಂಚಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ಹೋದೋಳು ಬರಲ್ವೇನಮ್ಮ? ಆ ತುದೀಲೇ ಮನೆ ಮಾಡ್ಕಂಡಿದ್ದಾಳಾ? ನಮ್ಗೆ ಒಂದು ಅಂದ್ರೆ ಹೋಗಿ ಬರೋದು ಕಣಮ್ಮ. ಕರಿ ಹಿಡ್ಕಂಡು ಹೋಗಿ ಬಂದೆ, ಬಿಳಿ ಹಿಡ್ಕಂಡು ಹೋಗಿ ಬಂದೆ. ನೀನು ಹೇಳ್ದಂಗೇ ಮಾಡಿವ್ನಿ. ಎಲ್ಡೂ ಉಂಡೆ ಜೊತೇಲಿ ಹಿಡ್ಕಂಡು ನಡುದ್ರೆ ಒಂದೊಂದು ಬೀಳ್ತದೆ, ಅದೂ ಗೊತ್ತು ನಂಗೆ. ಅಂಗೆ ಅಂತ ನಿನ್ ಹಾಳೇಲಿ ಎಲ್ಲೈತೆ ತೋರ್ಸು."

ಎಲ್ಲೂ ಇರಲಿಲ್ಲ. ನನ್ನ ಸೊನ್ನೆ, ಒಂದು, ಸೊನ್ನೆ, ಒಂದು ಎಡದಿಂದ ಶುರುವಾಗಿ ಬಲಕ್ಕೆ ಹೋಗುತ್ತೆ. ಹೋಗುತ್ತಲೇ ಇರುತ್ತೆ. ಆ ಸಾಲಿನಲ್ಲಿ ಯಾರೂ ನಡೆಯುವುದಿಲ್ಲ, ಯಾರ ಕಾಲೂ ನೋಯುವುದಿಲ್ಲ, ಯಾರೂ ಮನೆಗೆ ವಾಪಸ್ ಬರಬೇಕಾಗಿಲ್ಲ. ಕೆಂಚಮ್ಮ ಬರಬೇಕು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ ನೋಡಿ.

ಹೊಳೆದು ಈಗ ಏನು ಪ್ರಯೋಜನ? ಗಂಜಿ ಒಣಗಿತ್ತು. ಎಳೆ ಬಿಚ್ಚಿ ಮತ್ತೆ ಹಾಸಲು ಹೋದರೆ ತುಂಡು ತುಂಡು. ಬಿಳಿ ಉಣ್ಣೆ ಹೊಕ್ಕಿಗೆ ಎತ್ತಿಟ್ಟಷ್ಟು ಮಾತ್ರ ಉಳಿದಿತ್ತು. ಅಷ್ಟು ಹೊತ್ತಿಗೆ ಆಟೋ ನಿಲ್ಲಿಸಿ ಬಂದ ಮಾಲಿಂಗ ಒಂದೇ ನೋಟಕ್ಕೆ ಎಲ್ಲ ಅರ್ಥ ಮಾಡಿಕೊಂಡ. "ಹೋಗ್ಲಿ ಬುಡಿ ಮೇಡಂ. ಟೈಲ್ಸ್‌ನೋನು ಸೋಮವಾರವೇ ಬರ್ಲಿ" ಅಂದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೆಂಚಮ್ಮನ ನಗು ಅಲ್ಲಿಗೆ ನಿಂತಿತು. ಅವರು ಹಾಸಿನ ಹತ್ತಿರ ಹೋಗಿ ಎಳೆಗಳ ಮೇಲೆ ಅಂಗೈ ಇಟ್ಟುಕೊಂಡು ನಿಂತರು. ನನಗೆ ಅಳು ಬಂತು. ನಿಜವಾಗಿಯೂ ಬಂತು.

ಅಳು ಬಂದಾಗ ನಾನು ಏನಾದರೂ ಒಂದು ಕೆಲಸ ಹಚ್ಚಿಕೊಳ್ಳುತ್ತೇನೆ. ಹುಣಸೆಮರದ ಕೆಳಗೆ ಕೂತು ಲ್ಯಾಪ್‌ಟಾಪ್ ತೆರೆದೆ. ಸರಿ, ಎರಡೆರಡೇ ಇರಲಿ. ಎರಡೆರಡು ಹಾಕಿದರೆ ಏನು ಬರುತ್ತೆ, ಅದನ್ನಾದರೂ ನೋಡೋಣ.

ನನ್ನ ಎರಡು ಡಬ್ಬಗಳ ಮಧ್ಯೆ ಒಂದು ಹೊಸ ಡಬ್ಬ ತೂರಿಸಿದೆ. ಬಂದ ಸಂಖ್ಯೆಯನ್ನು ಅರ್ಧ ಮಾಡು, ಅರೆ ಉಳಿದರೆ ಬಿಸಾಡು. ಸೊನ್ನೆ, ಒಂದು, ಎರಡು, ಮೂರು ಅಂತ ಒಳಗೆ ಹೋದದ್ದು ಸೊನ್ನೆ, ಸೊನ್ನೆ, ಒಂದು, ಒಂದು, ಎರಡು, ಎರಡು ಅಂತ ಹೊರಗೆ ಬಂತು. ಅದರ ಶೇಷ ತೆಗೆದರೆ? ಸೊನ್ನೆ, ಸೊನ್ನೆ, ಒಂದು, ಒಂದು, ಸೊನ್ನೆ, ಸೊನ್ನೆ, ಒಂದು, ಒಂದು. ಕೆಂಚಮ್ಮ ನಡೆದ ಹಾಗೇ. ಹಾಸಿಗೂ ಅದೇ ಕೊಟ್ಟೆ, ಹೊಕ್ಕಿಗೂ ಅದೇ ಕೊಟ್ಟೆ. ದಾರ ಎಳೆದೆ.

ಅಯ್ಯೋ, ಏನು ಹೇಳಲಿ ನಿಮಗೆ! ಗೆರೆಯೂ ಇಲ್ಲ, ಚೌಕವೂ ಇಲ್ಲ. ಸ್ಕ್ರೀನ್ ತುಂಬ ಪುಟ್ಟ ಪುಟ್ಟ ಗುರುತುಗಳು. ಒಂದೊಂದಕ್ಕೂ ಆ ಕಡೆ ಈ ಕಡೆ ಚಾಚಿದ ಬೆರಳು. ಕರಿಯ ಬೆರಳು ಬಿಳಿಯೊಳಗೆ, ಬಿಳಿಯ ಬೆರಳು ಕರಿಯೊಳಗೆ. ಭಾನುವಾರದ ನನ್ನ ಗೆರೆಗಳು ಇದರ ಮುಂದೆ ರೂಲ್ಡ್ ಪುಸ್ತಕದ ಹಾಳೆ, ಅಷ್ಟೇ.

"ಕೆಂಚಮ್ಮಾ!" ನನ್ನ ಕೂಗಿಗೆ ಮರದ ಮೇಲಿನ ಕಾಗೆಗಳೂ ಎದ್ದವು.

ಕೆಂಚಮ್ಮ ಬಂದು ಬಗ್ಗಿ ನೋಡಿದರು. ಸೆರಗಿನಿಂದ ಸ್ಕ್ರೀನ್ ಒರೆಸಿ ಮತ್ತೆ ನೋಡಿದರು. "ಅಯ್ಯೋ ದೇವುಡಾ! ಕೋಳಿಮರಿ ಹೆಜ್ಜೆ ಕಣೇ ಇದು. ಬೂದಿ ಮ್ಯಾಲೆ ಓಡಾಡಿರೋ ಕೋಳಿಮರಿ!" ಮೇಡಂ ಹೋಗಿ 'ಕಣೇ' ಆಗಿದ್ದೆ. ಸಂತೋಷವಾಯಿತು.

ಜಗುಲಿಯ ಮೇಲೆ ಕೂತಿದ್ದ ಸಿದ್ದಪ್ಪನವರು ಬೀಡಿ ಆರಿಸಿ ಎದ್ದು ಬಂದರು. ನೋಡಿದರು. ಕೇಳಿದ್ದು ಒಂದೇ ಪ್ರಶ್ನೆ:

"ಹೊಕ್ಕು ಹೆಂಗೆ? ಅದೂ ಎಲ್ಡೆಲ್ಡಾ?"

"ಹೌದು. ಎರಡು ಕರಿ, ಎರಡು ಬಿಳಿ."

"ಅಂಗಾದ್ರೆ ಲಾಳಿ ಹೋಗಿ ಬತ್ತದೆ. ಕರಿ ಲಾಳಿ ಹೋಗಿ ಬಂತು, ಇಕ್ಕಿದೆ. ಬಿಳೀದು ಹೋಗಿ ಬಂತು, ಇಕ್ಕಿದೆ. ಕೈಗೆ ಸಲೀಸು." (ಲಾಳಿ ಅಂದರೆ ಹೊಕ್ಕಿನ ಎಳೆ ಹೊತ್ತು ಓಡುವ ಮರದ ದೋಣಿ.) ಆಮೇಲೆ, "ನಿಮ್ ಒಂದೊಂದು ಆಗಿದ್ರೆ ಎಳೆಗೊಂದ್ ಲಾಳಿ ಎತ್ತಿ ಇಕ್ಕಿ ಎತ್ತಿ ಇಕ್ಕಿ ರಟ್ಟೆ ಬಿದ್ದೋಗ್ತಿತ್ತು. ಹೇಳಾಕೆ ಸಂಕೋಚ ಆಗಿ ಸುಮ್ಕಿದ್ದೆ" ಅಂದರು.

ಕೇಳಿದಿರಾ? ಡಿಸೈನ್ ಕೊಟ್ಟ ಮೇಡಂಗೆ ಹೇಳಲು ಸಂಕೋಚ!

ಹಾಸು ಮಗ್ಗಕ್ಕೇರಿತು. ಮಾರನೆಯ ಬೆಳಿಗ್ಗೆ ನಾನು ಮೊದಲ ಬಸ್ಸಿಗೇ ಹೋದೆ. ಸ್ಕ್ರೀನ್ ಮೇಲೆ ಚೆಂದ ಕಂಡದ್ದು ಒರಟು ಉಣ್ಣೆಯಲ್ಲಿ ಕಾಣುತ್ತಾ? ಕೂದಲೆದ್ದು ಎಲ್ಲ ಬೂದಿ ಬಣ್ಣಕ್ಕೆ ಕಲಸಿಹೋದರೆ? ಸಿದ್ದಪ್ಪನವರು ಗುಂಡಿಗಿಳಿದು ಕೂತರು. ಲಾಳಿ ಹೋಯಿತು, ಬಂತು. ನಾನು, ಕೆಂಚಮ್ಮ, ಕೆಲಸಕ್ಕೆ ಹೊರಟಿದ್ದ ಮಾಲಿಂಗ, ಮೂವರೂ ಮಗ್ಗದ ಮೇಲೆ ಬಗ್ಗಿ ನಿಂತಿದ್ದೆವು. ನಾಲ್ಕು ಬೆರಳಗಲ ನೇಯುವ ತನಕ ಬರೀ ಕಲಸುಮೇಲೋಗರ. ಒಂದು ಗೇಣು ಆಯಿತು. ಸಿದ್ದಪ್ಪನವರು ಬೆನ್ನು ಹಿಂದಕ್ಕೆ ಮಾಡಿ, "ದೂರ ನಿಂತು ನೋಡಿ" ಅಂದರು.

ಬಾಗಿಲ ಹತ್ತಿರ ಹೋಗಿ ನಿಂತೆವು. ಕೋಳಿಮರಿಗಳು ಸಾಲಾಗಿ ನಡೆದು ಹೋಗಿದ್ದವು!

ಕೆಂಚಮ್ಮ ನನ್ನ ರಟ್ಟೆ ಹಿಡಿದು ಕುಣಿಸಿದರು. ನಾನೂ ಕುಣಿದೆ. ಐವತ್ತೆಂಟನೇ ವಯಸ್ಸಿನಲ್ಲಿ, ಸೀರೆ ಎತ್ತಿ ಸಿಕ್ಕಿಸಿಕೊಂಡು! (ಯಜಮಾನರು ಇದನ್ನು ಓದುವುದಿಲ್ಲ ಎಂಬ ಧೈರ್ಯ.) ಮಾಲಿಂಗ ಮೊಬೈಲ್ ತೆಗೆದು ಟೈಲ್ಸ್‌ನವನಿಗೆ, "ನಾಳೆ ಬ್ಯಾಡ ಕಣ್ಲಾ, ಹೇಳ್ತೀನಿ" ಅಂದ.

ಕಂಬಳಿ ಏನೂ ಕರಾರುವಾಕ್ಕಾಗಿ ಬರಲಿಲ್ಲ. ಕೊನೆಯ ಮೊಳಕ್ಕೆ ಬಿಳಿ ಉಣ್ಣೆ ಸಾಲದೆ ಹೊಕ್ಕು ಬರೀ ಕರಿಯೇ ಬಿತ್ತು. ತುಮಕೂರಿನ ಅಂಗಡಿಯವರು ಹೋದ ಭಾನುವಾರ ಖುದ್ದು ಕಾರಿನಲ್ಲಿ ಬಂದು, ಕಂಬಳಿಯನ್ನು ಬಿಸಿಲಿಗೆ ಹಿಡಿದು, ಮಡಿಲಲ್ಲಿ ಹಾಕಿಕೊಂಡು, ಕೊನೆಗೆ ಆ ಕರಿ ಮೊಳವನ್ನೇ ತೋರಿಸಿ, "ಈ ಬಾರ್ಡರ್ ಐಡಿಯಾ ತುಂಬ ಚೆನ್ನಾಗಿದೆ" ಅಂದರು. ನಾವ್ಯಾರೂ ಬಾಯಿ ಬಿಡಲಿಲ್ಲ. ತಿಂಗಳು ತಿಂಗಳೂ ಬೇಕಂತೆ. ಮಾಲಿಂಗ ನಡುಮನೆ ಬಿಟ್ಟು ಜಗುಲಿಗೆ ಟೈಲ್ಸ್ ಹಾಕಿಸುತ್ತಾನಂತೆ. ಗುಂಡಿ ಉಳಿಯಿತು.

ಅವರ ಕಾರು ಹೋದ ಮೇಲೆ ಕೆಂಚಮ್ಮ ನನಗೆ ಕಾಫಿ ಕೊಟ್ಟು ಹೇಳಿದರು: "ಮೇಡಮ್ಮ, ಇಂತಾದೇ ಇನ್ನೊಂದು ತಪ್ಪು ಮಾಡ್ಕಂಡ್ ಬಾ. ಉಣ್ಣೆ ನಾನ್ ನೋಡ್ಕತೀನಿ."

ಮಾಲಿಂಗ ನಕ್ಕುಬಿಟ್ಟ. "ನಮ್ ಮೇಡಂ ಎಲ್ಲಿ ತಪ್ಪು ಮಾಡ್ತಾರವ್ವ? ಅವ್ರು ತಪ್ಪು ಹಿಡಿಯೋರು. ಎಂಟನೇ ಕ್ಲಾಸಲ್ಲಿ ಒಂದು ಲೆಕ್ಕ ಕೊಟ್ಟಿದ್ರು. ಹುಡುಗನ ಮನೆಯಿಂದ ಸ್ಕೂಲು ಎರಡೂವರೆ ಕಿಲೋಮೀಟ್ರು. ಆರು ದಿನ ಸ್ಕೂಲಿಗೆ ಹೋದ್ರೆ ಎಷ್ಟು ನಡೀತಾನೆ? ಎಲ್ಲಾರೂ ಹದಿನೈದು ಅಂತ ಬರುದ್ರು. ನಾನು ಮೂವತ್ತು ಅಂತ ಬರ್ದಿದ್ದೆ. ಕೆಂಪು ಗೀಟು ಎಳ್ದು ಸೊನ್ನೆ ಕೊಟ್ರು."

ನನಗೆ ಆ ಲೆಕ್ಕ ನೆನಪಿಲ್ಲ. ಅವನಿಗಿದೆ. ಅವನು ದಿನಾ ಹಟ್ಟಿಯಿಂದ ನಡೆದೇ ಬರುತ್ತಿದ್ದ, ನಡೆದೇ ವಾಪಸ್ ಹೋಗುತ್ತಿದ್ದ. ಲೆಕ್ಕ ಕೊಟ್ಟ ನಾನು ಬಸ್ಸಿನವಳು. ಆ ಹುಡುಗ ಮನಸ್ಸಿನಲ್ಲೇನೂ ಇಟ್ಟುಕೊಳ್ಳದೆ ನಗುತ್ತಲೇ ಇದ್ದ.

ಕೆಂಪು ಪೆನ್ನು ಎತ್ತುವ ಮೊದಲು ಅವನನ್ನು ಹತ್ತಿರ ಕರೆದು, "ಮೂವತ್ತು ಹೆಂಗಪ್ಪಾ ಬಂತು?" ಅಂತ ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?